ಎತ್ತಿನ ಖರ್ಚು ಯಾವ ಬೆಳೆಯ ಪಾಲಿಗೆ?



ಸುಗ್ಗಿ ಮುಗಿದ ಮೇಲೆ ‘ಈ ವರ್ಷ ಮೆಣಸಿನಕಾಯಿ ಕೈ ಹಿಡಿಯಿತು, ಜೋಳದಲ್ಲಿ ಏನೂ ಉಳಿಯಲಿಲ್ಲ’ ಎಂದು ಹೇಳುವುದುಂಟು. ಬೀಜ, ಗೊಬ್ಬರ ಯಾವ ಬೆಳೆಗೆ ಹೋಯಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಎತ್ತಿನ ಜೋಡಿ, ಬಂಡಿ, ಪಂಪ್‌ಸೆಟ್ಟು ಎಲ್ಲ ಬೆಳೆಗೂ ದುಡಿಯುತ್ತವೆ. ಇವುಗಳ ಖರ್ಚನ್ನು ಎಕರೆಗೆ ಇಷ್ಟೆಂದು ಸಮನಾಗಿ ಹಂಚಿದರೆ ನಿಜವಾದ ಲಾಭ ತಿಳಿಯದು. ಎಷ್ಟು ತಾಸು ದುಡಿದವೋ ಅದರಂತೆ ಹಂಚಬೇಕು.

ಒಬ್ಬ ರೈತನಿಗೆ ನಾಲ್ಕು ಎಕರೆ ಜೋಳ, ಒಂದು ಎಕರೆ ಮೆಣಸಿನಕಾಯಿ ಇದೆಯೆಂದು ಇಟ್ಟುಕೊಳ್ಳಿ. ಮೇವು, ಹಿಂಡಿ, ಲಾಳ, ಔಷಧ, ಎತ್ತಿನ ಬೆಲೆಯಲ್ಲಿ ವರ್ಷಕ್ಕೆ ಇಳಿಯುವ ಭಾಗ, ಎಲ್ಲ ಸೇರಿ ಜೋಡಿಯ ಖರ್ಚು 36,000 ರೂಪಾಯಿ. (ನಮ್ಮ ಹೊಲದ್ದೇ ಸೊಪ್ಪೆ ಎಂದು ಅದನ್ನು ಬಿಡಬೇಡಿ. ಮಾರಿದ್ದರೆ ಹಣ ಬರುತ್ತಿತ್ತು.) ಎಕರೆವಾರು ಹಂಚಿದರೆ ಮೆಣಸಿನಕಾಯಿಗೆ ಬರುವುದು 7,200. ಹಾಗೆ ಲೆಕ್ಕ ಹಾಕಿ ಆತ 4,000 ರೂಪಾಯಿ ಲಾಭವೆನ್ನುತ್ತಾನೆ.

ಈಗ ತಾಸು ಎಣಿಸೋಣ. ಎತ್ತುಗಳು ವರ್ಷದಲ್ಲಿ ದುಡಿದದ್ದು 240 ತಾಸು, ಎಂದರೆ ತಾಸಿಗೆ 150 ರೂಪಾಯಿ. ಮತ್ತೆ ಮತ್ತೆ ಎಡೆ ಹೊಡೆದು, ಕಾಯಿ ಸಾಗಿಸಿ, ಮೆಣಸಿನಕಾಯಿ ಒಂದೇ 80 ತಾಸು ತಿಂದಿದೆ. ಅದರ ಪಾಲು 12,000. ಲಾಭ ಹೋಗಿ 800 ರೂಪಾಯಿ ನಷ್ಟ! ಜೋಳದ ಪಾಲಾದರೋ ಎಕರೆಗೆ 7,200ರಿಂದ 6,000ಕ್ಕೆ ಇಳಿಯಿತು.

ಹಾಗೆಂದು ಮೆಣಸಿನಕಾಯಿಯನ್ನು ಕೂಡಲೇ ಬಿಡಿರೆಂದು ನಾನು ಹೇಳುವುದಿಲ್ಲ. ಬೆಳೆ ಬಿಟ್ಟರೆ ಎತ್ತು ಮೇವು ಬಿಡುವುದಿಲ್ಲ. ಆ 80 ತಾಸಿಗೆ ಬಾಡಿಗೆ ಕೆಲಸ ಸಿಕ್ಕೀತೇ ಎಂಬುದನ್ನು ಮೊದಲು ನೋಡಿರಿ. ಜೋಳಕ್ಕೆ ಸರ್ಕಾರದ ಬೆಂಬಲ ಬೆಲೆ ಉಂಟು, ಮೆಣಸಿನಕಾಯಿಗೆ ಅದೂ ಇಲ್ಲ. ಅದರ ದರ ಬ್ಯಾಡಗಿಯಂಥ ಪೇಟೆಯಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಆ ಬೆಳೆಗೆ ಈ ಲೆಕ್ಕ ಹೆಚ್ಚು ಅಗತ್ಯ.

ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ತಗಡು, ಸರಳು, ತಂತಿ ಹೀಗೆ ಹಲವು ಸರಕು ಹೊರಡುತ್ತವೆ. ಇಂಥ ಉದ್ಯಮಗಳಲ್ಲಿಯೂ ಕೂಡುಖರ್ಚು ಹಂಚುವ ತೊಡಕು ಇದ್ದೇ ಇದೆ. ನಡೆದ ಕೆಲಸವನ್ನು ಅಳೆದು ಖರ್ಚು ಹಂಚುವ ಕ್ರಮವನ್ನು 1980ರ ದಶಕದಲ್ಲಿ ಅಮೆರಿಕದ ರಾಬಿನ್ ಕೂಪರ್, ರಾಬರ್ಟ್ ಕಪ್ಲಾನ್ ಎಂಬ ವಿದ್ವಾಂಸರು ಪ್ರಚಾರಕ್ಕೆ ತಂದರು. ಈಗ ದೊಡ್ಡ ಕಂಪನಿಗಳಲ್ಲಿ ಈ ಹಂಚಿಕೆಯನ್ನು ಕಂಪ್ಯೂಟರಿನ ತಂತ್ರಾಂಶಗಳು ಕ್ಷಣದಲ್ಲಿ ಮಾಡುತ್ತವೆ. ಆದರೆ ಎಷ್ಟು ತಾಸು ಕೆಲಸವಾಯಿತೆಂಬ ದಾಖಲೆ ಸಿಕ್ಕರಷ್ಟೇ ಅವಕ್ಕೆ ತಿಳಿಯುತ್ತದೆ. ಹೊಲಕ್ಕೆ ಹೋಗಿ ನೋಡುವ ತಂತ್ರಾಂಶ ನಮಗೆ ಬಂದಿಲ್ಲ.

ನಮಗೆ ಒಂದು ನೋಟ್‌ಪುಸ್ತಕ ಸಾಕು. ತಾರೀಖು, ಬೆಳೆ, ಕೆಲಸ, ತಾಸು, ಈ ನಾಲ್ಕನ್ನು ಅಂದಂದೇ ಬರೆಯಿರಿ. ವಾರಕ್ಕೊಮ್ಮೆ ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ. ಪಂಪ್‌ಸೆಟ್ಟಿಗೂ ಹೀಗೆಯೇ, ಮೋಟಾರು ಹಚ್ಚಿದ ಹೊತ್ತು, ನಿಲ್ಲಿಸಿದ ಹೊತ್ತು ಗುರುತು ಹಾಕಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಮೊಬೈಲಿನ ಲೆಕ್ಕದ ಹಾಳೆಯಲ್ಲಿ ಕೂಡಿಸಿಕೊಡುತ್ತಾರೆ. ಮುಂಗಾರಿನ ಮೊದಲ ಹರಗುವಿಕೆಯಿಂದಲೇ ಬರೆಯತೊಡಗಿರಿ. ಸುಗ್ಗಿಯಾದ ಮೇಲೆ ಪುಸ್ತಕ ತಂದರೆ ತಾಸಿನ ದರವನ್ನು ನಿಮ್ಮೊಡನೆ ಕುಳಿತು ಹಾಕಿಕೊಡುತ್ತೇನೆ.