ಹಿಮದ ನಾಡಿನ ಮೂರು ಚಕ್ರದ ಮೋಟಾರ್ ಸೈಕಲ್



ಸೈಡ್‌ಕಾರ್ ಎಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1975ರ ‘ಶೋಲೆ’ ಚಿತ್ರ. ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರದಲ್ಲಿ ಇಬ್ಬರು ಗೆಳೆಯರು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರಲ್ಲ, ಅದರ ಪಕ್ಕಕ್ಕೆ ಜೋಡಿಸಿದ ತೊಟ್ಟಿಲೇ ಸೈಡ್‌ಕಾರ್. ನಮ್ಮ ಪೇಟೆಗಳಲ್ಲೂ ಒಂದು ಕಾಲಕ್ಕೆ ಸ್ಕೂಟರಿಗೆ ಇಂಥ ತೊಟ್ಟಿಲು ಕಟ್ಟಿಸಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆ ಮುಂಜಿಗೆ ಹೋಗುವವರಿದ್ದರು. ಕಾರು ಸಾಲದ ಮೇಲೆ ಸುಲಭವಾಗಿ ಸಿಗತೊಡಗಿದ ಮೇಲೆ ಅವು ಕಾಣೆಯಾದವು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೂತಿದ್ದವನಾದ್ದರಿಂದ ಈ ಬದಲಾವಣೆಯನ್ನು ಅರ್ಜಿಗಳಲ್ಲೇ ನೋಡಿದ್ದೇನೆ.

ಆದರೆ ಒಂದು ಕಾರ್ಖಾನೆ ಈ ತೊಟ್ಟಿಲಿನ ಗಾಡಿಯನ್ನೇ ನಂಬಿಕೊಂಡು ಬಂದಿದೆ. ಅದು ರಷ್ಯದ ‘ಉರಾಲ್’. ನೀರು ಕಲ್ಲಾಗುವ ಚಳಿಯಲ್ಲಿ ಅದನ್ನು ಇಟ್ಟುಕೊಳ್ಳುವುದು, ಓಡಿಸುವುದು, ಕಾಪಾಡುವುದು ಹೇಗೆ ಎಂಬುದನ್ನು ಇವತ್ತು ಹೇಳುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಇಂಜಿನಿಯರ್ ಅಲ್ಲ. ಹಾಗಾಗಿ ನನಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ, ನಿಮಗೂ ತಿಳಿದೀತು.

ಉರಾಲ್ ಎಂಬುದು ಯುರೋಪು ಏಷ್ಯಗಳ ನಡುವಿನ ಬೆಟ್ಟಸಾಲಿನ ಹೆಸರು. ಆ ಬೆಟ್ಟಗಳ ಪೂರ್ವಕ್ಕೆ ಇರ್ಬಿತ್ ಎಂಬ ಸಣ್ಣ ಪಟ್ಟಣವಿದೆ. ರೈಲು ಬರುವ ಮೊದಲು ಚಳಿಗಾಲದಲ್ಲಿ ನಡೆಯುತ್ತಿದ್ದ ದೊಡ್ಡ ಜಾತ್ರೆಗೆ ಅದು ಹೆಸರಾಗಿತ್ತು. ಹೊಳೆಗಳೆಲ್ಲ ಹೆಪ್ಪುಗಟ್ಟಿ, ಜಾರುಬಂಡಿಗಳಿಗೆ ದಾರಿಯಾಗುವುದು ಆಗಲೇ ಅಲ್ಲವೇ? ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯಕ್ಕೆ ಗಟ್ಟಿಯಾದ ಮೋಟಾರ್ ಸೈಕಲ್ ಬೇಕಾಯಿತು. ಜರ್ಮನರ ಬಿಎಂಡಬ್ಲ್ಯು ಆರ್-71 ಎಂಬ ಗಾಡಿಯ ಮಾದರಿಯನ್ನೇ ಹಿಡಿದು ಎಂ-72 ಎಂಬುದನ್ನು ಮಾಡಿದರು. ಶತ್ರುವಿನ ಗಾಡಿಯ ನಕಲು ಮಾಡಿ ಶತ್ರುವಿನ ಮೇಲೇ ಓಡಿಸಿದರು ಅನ್ನಿ. 1941ರಲ್ಲಿ ಮಾಸ್ಕೋದಲ್ಲಿ ಕೆಲಸ ಶುರುವಾಯಿತು. ಜರ್ಮನರು ಮಾಸ್ಕೋ ಹತ್ತಿರ ಬಂದಾಗ ಯಂತ್ರಗಳನ್ನೆಲ್ಲ ಇರ್ಬಿತ್‌ಗೆ ಸಾಗಿಸಿದರು. ಅಲ್ಲಿ ಸಿಕ್ಕ ದೊಡ್ಡ ಕಟ್ಟಡವೆಂದರೆ ಒಂದು ಬಿಯರ್ ತಯಾರಿಸುವ ಮನೆ, ಅದರಲ್ಲೇ ಕಾರ್ಖಾನೆ ಹೂಡಿದರು. 1942ರ ಫೆಬ್ರವರಿ 25ರಂದು, ಆ ಕೊರೆಯುವ ಚಳಿಯಲ್ಲಿ, ಮೊದಲ ಗಾಡಿಗಳು ಹೊರಬಂದವು. ಯುದ್ಧಕಾಲದಲ್ಲಿ ಅಲ್ಲಿಂದ ಸೈನ್ಯಕ್ಕೆ 9,799 ಗಾಡಿಗಳು ಹೋದವು.

ಯುದ್ಧ ಮುಗಿದ ಮೇಲೆ ಗಾಡಿ ಹಳ್ಳಿಗೆ ಇಳಿಯಿತು. ಅಲ್ಲಿನ ರೈತನಿಗೆ ಅದು ನಮ್ಮ ಎತ್ತಿನ ಗಾಡಿ ಇದ್ದ ಹಾಗೆ. ತೊಟ್ಟಿಲಲ್ಲಿ ಆಲೂಗಡ್ಡೆ ಮೂಟೆ, ಹಾಲಿನ ಕ್ಯಾನು, ಹುಲ್ಲು, ಕಾಡಿನ ಅಣಬೆಯ ಬುಟ್ಟಿ, ಭಾನುವಾರ ಅಜ್ಜಿ. ಒಟ್ಟು 30 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಆ ಕಾರ್ಖಾನೆ ಮಾಡಿದೆ.

ಈಗ ಯಂತ್ರದ ವಿಷಯಕ್ಕೆ ಬರೋಣ. ಇಂಜಿನ್ನಿನ ಎರಡು ಸಿಲಿಂಡರ್‌ಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಕೈ ಚಾಚಿದ ಹಾಗೆ ಹೊರಚಾಚಿರುತ್ತವೆ. ಎರಡಕ್ಕೂ ಗಾಳಿ ಸಮನಾಗಿ ಬಡಿಯುತ್ತದೆ. ತಂಪು ಮಾಡಲು ನೀರಿಲ್ಲ, ಬರಿ ಗಾಳಿ. ಚಳಿನಾಡಿನಲ್ಲಿ ಇದೇ ಮೊದಲ ಲಾಭ, ಏಕೆಂದರೆ ನೀರಿಲ್ಲದ ಕಡೆ ಹೆಪ್ಪುಗಟ್ಟಿ ಒಡೆಯುವುದಕ್ಕೆ ಏನೂ ಇಲ್ಲ. ಹಿಂದಿನ ಚಕ್ರಕ್ಕೆ ಚೈನಿಲ್ಲ, ಉಕ್ಕಿನ ದಂಡ ತಿರುಗಿ ಚಕ್ರವನ್ನು ತಿರುಗಿಸುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಚೈನಾದರೆ ಒಂದೇ ಚಳಿಗಾಲಕ್ಕೆ ತುಕ್ಕು ತಿಂದುಹೋದೀತು. ಚಕ್ರಗಳು ಒಂದಕ್ಕೊಂದು ಅದಲುಬದಲಾಗುವಂತಿದ್ದು, ತೊಟ್ಟಿಲ ಹಿಂದೆ ಒಂದು ಸ್ಟೆಪ್ನಿಯೂ ಇರುತ್ತದೆ. ಹಿಂದಕ್ಕೆ ಹೋಗುವ ಗೇರು ಕೂಡ ಇದೆ. ಈಚಿನ ಗಾಡಿಯ ಇಂಜಿನ್ 749 ಸಿ.ಸಿ., ಶಕ್ತಿ ಸುಮಾರು 40 ಕುದುರೆ, ತೂಕ ಸುಮಾರು 330 ಕಿಲೊ. ಅಷ್ಟು ತೂಕಕ್ಕೆ ಆ ಶಕ್ತಿ ಹೆಚ್ಚೇನಲ್ಲ. ಗಂಟೆಗೆ 80 ಕಿಲೊಮೀಟರಿನಲ್ಲಿ ನೆಮ್ಮದಿ, ಅದಕ್ಕೂ ಮೇಲೆ ದಬಾಯಿಸಿದರೆ ಇಂಜಿನ್ ಗೋಳಾಡುತ್ತದೆ. ಅವಸರದವರಿಗೆ ಇದು ಹೇಳಿದ ಗಾಡಿಯಲ್ಲ.

ಓಡಿಸುವುದನ್ನು ಮಾತ್ರ ಹೊಸದಾಗಿಯೇ ಕಲಿಯಬೇಕು. ಎರಡು ಚಕ್ರದ ಗಾಡಿಯನ್ನು ತಿರುವಿನಲ್ಲಿ ನಾವು ವಾಲಿಸುತ್ತೇವೆ. ನಾನು ಯೆಜ್ಡಿ ಓಡಿಸಿದವನು, ವಾಲಿಸದೆ ತಿರುಗಿಸುವುದು ಹೇಗೆಂದು ನನ್ನ ಮೈಗೆ ಗೊತ್ತಿಲ್ಲ. ಈ ಗಾಡಿ ವಾಲುವುದೇ ಇಲ್ಲ, ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಬೇಕು. ರಷ್ಯದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುವುದರಿಂದ ತೊಟ್ಟಿಲೂ ಬಲಕ್ಕಿರುತ್ತದೆ. ಆಕ್ಸಿಲರೇಟರ್ ತಿರುವಿದರೆ ತೊಟ್ಟಿಲು ಹಿಂದೆ ಉಳಿಯಲು ನೋಡುತ್ತದೆ, ಗಾಡಿ ಬಲಕ್ಕೆ ಎಳೆಯುತ್ತದೆ. ಗಾಡಿಯ ಬ್ರೇಕು ಹಿಡಿದರೆ ತೊಟ್ಟಿಲು ಮುಂದಕ್ಕೆ ನುಗ್ಗಲು ನೋಡುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಬಲ ತಿರುವನ್ನು ಜೋರಾಗಿ ಹಿಡಿದರೆ ಖಾಲಿ ತೊಟ್ಟಿಲು ನೆಲ ಬಿಟ್ಟು ಗಾಳಿಗೆ ಏಳುತ್ತದೆ. ಅದಕ್ಕೇ ಕಲಿಯುವವರು ತೊಟ್ಟಿಲಲ್ಲಿ ಮರಳಿನ ಮೂಟೆ ಇಟ್ಟುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ತೊಟ್ಟಿಲು ಎಡಕ್ಕೆ, ಆದ್ದರಿಂದ ಇದೆಲ್ಲ ಕನ್ನಡಿಯೊಳಗಿನ ಹಾಗೆ ಅದಲುಬದಲು. ತೊಟ್ಟಿಲಿನ ಚಕ್ರವನ್ನು ಗಾಡಿಗೆ ಪೂರಾ ಸಮಾನಾಂತರವಾಗಿ ಕೂರಿಸದೆ, ಮುಂದುಗಡೆ ಸುಮಾರು 10 ಮಿಲಿಮೀಟರಿನಷ್ಟು ಒಳಕ್ಕೆ ತಿರುಗಿಸಿ ಬಿಗಿಯುತ್ತಾರೆ. ಆ ಅಳತೆ ತಪ್ಪಿದರೆ ದಿನವಿಡೀ ತೋಳು ನೋಯುತ್ತದೆ, ಟೈರೂ ಬೇಗ ಸವೆಯುತ್ತದೆ.

ಹಿಮದ ಮೇಲೆ ಈ ಗಾಡಿಯ ಗುಣ ತಿಳಿಯುವುದು. ಮಂಜುಗಡ್ಡೆಯ ಮೇಲೆ ಎರಡು ಚಕ್ರದವನು ಜಾರಿದರೆ ಬಿದ್ದ ಹಾಗೆಯೇ. ಮೂರು ಚಕ್ರದವನು ಜಾರುತ್ತಾನೆ, ಅಡ್ಡ ತಿರುಗುತ್ತಾನೆ, ಆದರೂ ಕೂತೇ ಇರುತ್ತಾನೆ. ಕೆಲವು ಮಾದರಿಗಳಲ್ಲಿ ಒಂದು ಸನ್ನೆ ಎಳೆದರೆ ತೊಟ್ಟಿಲಿನ ಚಕ್ರಕ್ಕೂ ಇಂಜಿನ್ನಿನ ಬಲ ಸಿಗುತ್ತದೆ. ಆಗ ಕೆಸರು, ಹಿಮ ಯಾವುದಾದರೂ ದಾಟೀತು. ಆದರೆ ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿಬಿಡುವುದರಿಂದ ಗಟ್ಟಿ ನೆಲದಲ್ಲಿ ಗಾಡಿ ನೇರವಾಗಿ ಹೋಗಲು ಹಟ ಮಾಡುತ್ತದೆ, ತಿರುವಿನಲ್ಲಿ ಅಪಾಯ. ಹಿಮ ದಾಟಿದ ಕೂಡಲೇ ಸನ್ನೆಯನ್ನು ಬಿಡಿಸಲೇಬೇಕು. ಇನ್ನೊಂದು ಕಷ್ಟವಿದೆ. ಕಾರು ಲಾರಿಗಳು ಹಿಮದಲ್ಲಿ ಎರಡು ಜಾಡು ಮಾಡಿರುತ್ತವೆ, ಈ ಗಾಡಿಯ ಅಗಲ ಅದಕ್ಕಿಂತ ಕಡಿಮೆ. ಒಂದು ಕಡೆಯ ಚಕ್ರ ಜಾಡಿನಲ್ಲಿದ್ದರೆ ಇನ್ನೊಂದು ಕಡೆಯದು ನಡುವಿನ ದಿಬ್ಬದ ಮೇಲೆ. ಎತ್ತಿನ ಗಾಡಿಯ ಜಾಡಿನಲ್ಲಿ ಸಿಕ್ಕಿಕೊಂಡ ಕಾರಿನವನನ್ನು ಕೇಳಿ, ಆ ಸಂಕಟ ಅವನಿಗೆ ಗೊತ್ತು.

ಚಳಿಯಲ್ಲಿ ಬೆಳಿಗ್ಗೆ ಗಾಡಿ ಎಬ್ಬಿಸುವುದೇ ದೊಡ್ಡ ಕೆಲಸ. ಜನವರಿಯಲ್ಲಿ ಊಟಿಯ ಕಡೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಕೂರುವುದನ್ನು ನೀಲಗಿರಿಯ ನಮ್ಮ ಕೇಳುಗರು ಕಂಡಿದ್ದಾರೆ. ಅದು ಸೊನ್ನೆ ಡಿಗ್ರಿಯ ಆಸುಪಾಸು. ಇರ್ಬಿತ್ ಕಡೆ ಮೈನಸ್ 30ಕ್ಕೂ ಇಳಿಯುವುದುಂಟು. ಆಗ ಇಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿರುತ್ತದೆ. ಕಿಕ್ಕರ್ ಮೇಲೆ ನಿಂತರೂ ಕೆಳಗಿಳಿಯುವುದಿಲ್ಲ. ಬ್ಯಾಟರಿಯ ಬಲವೂ ಮೈನಸ್ 18ರ ಹೊತ್ತಿಗೇ ಅರ್ಧದಷ್ಟಾಗಿರುತ್ತದೆ. ಅದಕ್ಕೇ ಚಳಿಗಾಲ ಬರುವ ಮೊದಲು ದಪ್ಪ ಆಯಿಲ್ ಇಳಿಸಿ ತೆಳ್ಳನೆಯದು ಹಾಕುತ್ತಾರೆ. ರಾತ್ರಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಲೆಯ ಹತ್ತಿರ ಇಡುತ್ತಾರೆ. ಹಳೆಯ ಕಾರ್ಬುರೇಟರ್ ಗಾಡಿಯಾದರೆ, ಕಾರ್ಬುರೇಟರಿನ ಮೇಲಿನ ಗುಂಡಿ ಒತ್ತಿ ಪೆಟ್ರೋಲ್ ತುಂಬಿಸಿ, ಚೋಕ್ ಎಳೆದು, ಕೀಲಿ ಹಾಕದೆ ನಾಲ್ಕೈದು ಸಲ ನಿಧಾನವಾಗಿ ತುಳಿದು, ಆಮೇಲೆ ಕೀಲಿ ತಿರುಗಿಸಿ ಒಂದೇ ಒದೆ. ಅದಕ್ಕೂ ಏಳದಿದ್ದರೆ ಬ್ಲೋ ಲ್ಯಾಂಪ್ ಹಚ್ಚಿ ಇಂಜಿನ್ನಿನ ಹೊಟ್ಟೆಯ ಕೆಳಗೆ ಹಿಡಿಯುವ ರೂಢಿ ರಷ್ಯದಲ್ಲಿದೆ. ಪೆಟ್ರೋಲ್ ತೊಟ್ಟಿಕ್ಕುವ ಗಾಡಿಯ ಕೆಳಗೆ ಬೆಂಕಿ! ಕಾದ ಬೂದಿ ತುಂಬಿದ ತಟ್ಟೆಯೋ ಬಿಸಿ ಆಯಿಲೋ ಸಾಕು ಎನ್ನುವುದು ನನ್ನ ಅಭಿಪ್ರಾಯ. 2014ರಿಂದ ಬಂದ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ, ಪೆಟ್ರೋಲ್ ಪಂಪು ಬ್ಯಾಟರಿಯಿಂದ ಓಡಬೇಕು. ಹಾಗಾಗಿ ಬ್ಯಾಟರಿ ಸತ್ತರೆ ಕಾಲಿನ ಬಲ ಇದ್ದೂ ಉಪಯೋಗವಿಲ್ಲ.

ಎದ್ದ ಕೂಡಲೇ ಓಡಿಸಬಾರದು. ಗೇರ್‌ಬಾಕ್ಸಿನ ಆಯಿಲೂ ಗಟ್ಟಿಯಾಗಿರುತ್ತದೆ, ಮೊದಲ ಕೆಲವು ಕಿಲೊಮೀಟರ್ ಸಣ್ಣ ಗೇರಿನಲ್ಲೇ ಹೋಗಬೇಕು. ಹಾಗೆಂದು ಬರಿ ಎರಡು ಕಿಲೊಮೀಟರ್ ಓಡಿಸಿ ನಿಲ್ಲಿಸುವುದೂ ಕೆಟ್ಟದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಕೊಂಚ ಇಂಜಿನ್ನಿನ ಒಳಗೂ ಸೋರುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಆರಿಹೋಗುತ್ತದೆ. ಕಾಯದಿದ್ದರೆ ಆಯಿಲಿಗೆ ಬೆರೆತು ಬೆಣ್ಣೆಯಂಥ ಬಿಳಿ ನೊರೆಯಾಗುತ್ತದೆ, ಇಂಜಿನ್ ಉಸಿರಾಡುವ ಕೊಳವೆಯಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಆಗ ಒಳಗಿನ ಒತ್ತಡಕ್ಕೆ ಆಯಿಲ್ ಸೀಲುಗಳು ಕಿತ್ತು ಆಯಿಲೆಲ್ಲ ಹೊರಗೆ. ಆದ್ದರಿಂದ ಚಳಿಯಲ್ಲಿ ಹೊರಟರೆ ದೂರ ಹೋಗಬೇಕು, ಇಲ್ಲದಿದ್ದರೆ ಹೊರಡಲೇಬಾರದು. ಟ್ಯಾಂಕನ್ನೂ ತುಂಬಿಸಿಯೇ ಇಡಬೇಕು. ಖಾಲಿ ಜಾಗದಲ್ಲಿ ಕೂತ ತೇವ ನೀರಾಗಿ, ಪೆಟ್ರೋಲ್ ಕೊಳವೆಯಲ್ಲಿ ಗಡ್ಡೆಯಾಗಿ ದಾರಿ ಕಟ್ಟುತ್ತದೆ.

ದಾರಿಯಲ್ಲಿ ಗಾಡಿ ನಿಂತರೆ ಏನು? ನಮ್ಮಲ್ಲಿ ತಳ್ಳಿಕೊಂಡು ಹೋಗುತ್ತೇವೆ, ಹಾದಿಯ ಮೇಲೆ ಯಾರಾದರೂ ನೀರು ಕೊಡುತ್ತಾರೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಮುಂದಿನ ಹಳ್ಳಿ 20 ಕಿಲೊಮೀಟರ್ ಇರಬಹುದು, 330 ಕಿಲೊ ತಳ್ಳಲಾಗದು. ಮೈನಸ್ 20ರಲ್ಲಿ ಗಂಟೆಗೆ 50 ಕಿಲೊಮೀಟರ್ ವೇಗದಲ್ಲಿ ಹೋಗುವಾಗ ಬರಿಮೈಗೆ ತಗಲುವ ಚಳಿ ಮೈನಸ್ 35ರ ಚಳಿಗೆ ಸಮ. ಬೆರಳು ಮೊದಲು ನೋಯುತ್ತವೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ಸಮಾಧಾನಪಡುವ ಹಾಗಿಲ್ಲ, ಹೆಪ್ಪುಗಟ್ಟುವ ಬೆರಳಿಗೂ ನೋವಿರುವುದಿಲ್ಲ. ಮರಗಟ್ಟಿದ ಬೆರಳಿಂದ ಪ್ಲಗ್ಗು ಬಿಚ್ಚಲಾಗದು, ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದರೆ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಅವರು ಹ್ಯಾಂಡಲಿಗೆ ದೊಡ್ಡ ಚರ್ಮದ ಚೀಲ ಹೊಲಿದು ಅದರೊಳಗೆ ಕೈ ಇಡುತ್ತಾರೆ, ಕಾಲಿಗೆ ಉಣ್ಣೆ ಕುಟ್ಟಿ ಮಾಡಿದ ‘ವಾಲೆಂಕಿ’ ಎಂಬ ಬೂಟು. ಹೊರಚಾಚಿದ ಸಿಲಿಂಡರ್‌ಗಳ ಬಿಸಿ ಪಾದಕ್ಕೆ ತಗಲುವುದೂ ಒಂದು ಸಣ್ಣ ಪುಣ್ಯ. ತೊಟ್ಟಿಲಲ್ಲಿ ಕೊಡಲಿ, ಬೆಂಕಿಪೊಟ್ಟಣ, ಕಂಬಳಿ, ಪ್ಲಗ್ಗು, ಕೇಬಲ್ಲು ಇರಲೇಬೇಕು. ಎರಡು ಚಕ್ರದವನಿಗೆ ಇಷ್ಟು ಹೊರಲು ಜಾಗವೆಲ್ಲಿ?

ಸುಮ್ಮನೆ ಹೊಗಳಬಾರದು. ರಷ್ಯದ ಹಳ್ಳಿಗಳಲ್ಲಿ ಅನೇಕರು ಚಳಿಗಾಲದಲ್ಲಿ ಗಾಡಿಯನ್ನು ಎತ್ತಿಟ್ಟೇ ಬಿಡುತ್ತಾರೆ. ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ, ಚಕ್ರ ನೆಲ ಮುಟ್ಟದಂತೆ ದಿಮ್ಮಿ ಕೊಟ್ಟು, ವಸಂತಕ್ಕೆ ಕಾಯುತ್ತಾರೆ. ಬೇಕೆಂದೇ ಹಿಮದಲ್ಲಿ ಓಡಿಸುವವರು ಬೇರೆ. ಜರ್ಮನಿಯಲ್ಲಿ 1956ರಲ್ಲಿ ಶುರುವಾದ ‘ಆನೆಗಳ ಕೂಟ’ ಎಂಬ ಚಳಿಗಾಲದ ಸಂತೆಗೆ ಜನ ಇಂಥ ಗಾಡಿಗಳಲ್ಲೇ ಹೋಗಿ ಹಿಮದ ಮೇಲೆ ಡೇರೆ ಹಾಕುತ್ತಾರೆ. ‘ಹಸಿರು ಆನೆ’ ಎಂಬ ಅಡ್ಡಹೆಸರಿನ ತ್ಸುಂಡಾಪ್ ಗಾಡಿಯಿಂದ ಆ ಕೂಟಕ್ಕೆ ಹೆಸರು ಬಂತು.

ಬ್ಯಾಂಕಿನವನ ಕಣ್ಣಿಂದ ನೋಡಿದರೆ, ಈ ಗಾಡಿ ಕೊಂಡ ಬೆಲೆಗಿಂತ ಸಾಕುವ ಶ್ರಮ ಹೆಚ್ಚು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರದ ಹಲ್ಲುಗಾಲಿ, ಮೂರಕ್ಕೂ ಬೇರೆ ಬೇರೆ ಆಯಿಲ್. ವಾಲ್ವಿನ ಸಂದು ಇಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಬೇಕು, ಸಡಿಲಾದುದು ಮಂಕಾಗಿ ಸದ್ದು ಮಾಡುತ್ತದೆ. ಉಪ್ಪಿನ ರಸ್ತೆಯಿಂದ ಬಂದ ದಿನವೇ ತೊಳೆಯಬೇಕು. ಇವೆಲ್ಲ ಮಾಲೀಕನೇ ಮಾಡಿಕೊಳ್ಳುವಂಥವು. ಮೆಕ್ಯಾನಿಕ್ಕನ್ನು ನಂಬಿ ಕೊಳ್ಳುವವನಿಗೆ ನಾನಾದರೆ ಸಾಲ ಮಂಜೂರಾಗಲಿ ಎಂದು ಬರೆಯುತ್ತಿರಲಿಲ್ಲ.

ಕೊನೆಯಲ್ಲೊಂದು ಸುದ್ದಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯದ ಮೇಲೆ ನಿರ್ಬಂಧಗಳು ಬಿದ್ದವು. ಕಾರ್ಖಾನೆಯ ಗಿರಾಕಿಗಳು ಹೆಚ್ಚಾಗಿ ಹೊರದೇಶದವರು, ಅಮೆರಿಕದವರೇ ಬಹಳ. ಬಿಡಿಭಾಗ ಬರುವುದು, ಗಾಡಿ ಹೋಗುವುದು ಎರಡೂ ಕಷ್ಟವಾಯಿತು. ಗಾಡಿ ಜೋಡಿಸುವ ಕೆಲಸವನ್ನು ಗಡಿ ದಾಟಿಸಿ ಕಜಾಕಸ್ತಾನದ ಪೆತ್ರೊಪಾವ್ಲ್ ಪಟ್ಟಣಕ್ಕೆ ಒಯ್ದರು. ರಷ್ಯದ ಗಡಿಗೆ ಹತ್ತಿರದ ಊರು ಅದು. ಅಲ್ಲಿಯ ಜನ ರಷ್ಯನ್ನೂ ಕಜಾಕ್ ಭಾಷೆಯನ್ನೂ ಕೇಳುತ್ತ ಬೆಳೆಯುವವರು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳೋ ಮಲಯಾಳವೋ ಮರಾಠಿಯೋ ತೆಲುಗೋ ಆಡುವ ನಮ್ಮ ಹಾಗೆ. ಅಲ್ಲಿಯ ಚಳಿಯೂ ಇರ್ಬಿತ್‌ನ ಚಳಿಯಂಥದ್ದೇ, ಆದ್ದರಿಂದ ಗಾಡಿಗೇನೂ ಹೊಸತಲ್ಲ. ಎಂಟು ದಶಕ ಅದೇ ಕೆಲಸ ಮಾಡಿದ ಇರ್ಬಿತ್‌ನ ಮನೆಗಳಿಗೆ ಮಾತ್ರ ಅದು ಸಣ್ಣ ಪೆಟ್ಟಲ್ಲ.