ಕೊಡಗಿನ ವಿಲೀನ (1956): ನೌಕರರ ಕಾರ್ಯಒತ್ತಡ ಮತ್ತು ಸೇವಾ ರಕ್ಷಣೆ

ಸರ್ಕಾರಿ ಕಚೇರಿಗಳು ವಿಲೀನಗೊಂಡಾಗ ಅದರ ಪರಿಣಾಮವು ನೌಕರರ ಮೇಲೂ, ಅವರ ಮೂಲಕ ಸೇವೆ ಪಡೆಯುವ ಸಾರ್ವಜನಿಕರ ಮೇಲೂ ಆಗುತ್ತದೆ. ಕೊಡಗಿನ ಮಟ್ಟಿಗೆ 1956ರ ರಾಜ್ಯ ಪುನರ್ವಿಂಗಡಣೆಯು ಇದಕ್ಕೆ ಮುಖ್ಯ ನಿದರ್ಶನವಾಗಿದೆ.

ಹಿನ್ನೆಲೆ

‘ಸಿ’ ವರ್ಗದ ರಾಜ್ಯವಾಗಿದ್ದ ಕೊಡಗು, ಮಡಿಕೇರಿಯಲ್ಲಿ ತನ್ನದೇ ಆಡಳಿತ ಕೇಂದ್ರವನ್ನೂ 24 ಸದಸ್ಯರ ವಿಧಾನಸಭೆಯನ್ನೂ ಹೊಂದಿತ್ತು. 1952ರಿಂದ 1956ರವರೆಗೆ ಶ್ರೀ ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಗಳಾಗಿದ್ದರು. ದಿನಾಂಕ 1-11-1956ರಂದು ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್ ಮತ್ತು ಮದರಾಸು ಆಡಳಿತಗಳಿಂದ ಬಂದ ನೌಕರರೊಡನೆ ಕೊಡಗಿನ ನೌಕರರನ್ನೂ ಏಕೀಕೃತ ಸೇವೆಗೆ ಸೇರಿಸಲಾಯಿತು.

ಒತ್ತಡಕ್ಕೆ ಕಾರಣಗಳು

1. ಜ್ಯೇಷ್ಠತೆ: ಚಿಕ್ಕ ರಾಜ್ಯದ ಪಟ್ಟಿಯಲ್ಲಿ ಮೇಲಿದ್ದವರ ಸ್ಥಾನವು ಐದು ಪ್ರದೇಶಗಳ ಸಂಯುಕ್ತ ಪಟ್ಟಿಯಲ್ಲಿ ಎಲ್ಲಿ ನಿಲ್ಲುವುದೆಂಬುದು ಅನಿಶ್ಚಿತವಾಗಿತ್ತು. ಪದೋನ್ನತಿಯು ಇದನ್ನೇ ಅವಲಂಬಿಸಿತ್ತು. ಇಂತಹ ಕೆಲವು ವ್ಯಾಜ್ಯಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದವು.

2. ಹುದ್ದೆಗಳ ಸಮೀಕರಣ: ಹುದ್ದೆಯ ಹೆಸರು ಒಂದೇ ಇದ್ದರೂ ವೇತನ ಮತ್ತು ಅಧಿಕಾರ ಬೇರೆಯಾಗಿದ್ದವು. ಆದ್ದರಿಂದ ಕರ್ತವ್ಯದ ಸ್ವರೂಪ, ಜವಾಬ್ದಾರಿ, ಕನಿಷ್ಠ ವಿದ್ಯಾರ್ಹತೆ ಹಾಗೂ ವೇತನ ಎಂಬ ನಾಲ್ಕು ಅಂಶಗಳನ್ನು ಪರಿಗಣಿಸಲಾಯಿತು.

3. ಎರಡು ಬಗೆಯ ನಿಯಮಗಳು: ಸರ್ಕಾರ ಬದಲಾದರೂ ಹಳೆಯ ಕಾನೂನುಗಳು ಕೂಡಲೇ ರದ್ದಾಗಲಿಲ್ಲ. 1899ರ ಕೊಡಗು ಭೂ ಮತ್ತು ಕಂದಾಯ ವಿನಿಯಮದ ಸ್ಥಾನದಲ್ಲಿ 1964ರ ಭೂಕಂದಾಯ ಅಧಿನಿಯಮವು ದಿನಾಂಕ 1-4-1964ರಂದು ಜಾರಿಗೆ ಬಂದಿತು. ಅಲ್ಲಿಯವರೆಗೆ ಜಮ್ಮಾ, ಬಾಣೆ ಜಮೀನುಗಳ ಕಡತಗಳನ್ನು ಹಳೆಯ ವಿನಿಯಮದಂತೆಯೂ, ಮೇಲಧಿಕಾರಿಗಳ ಪತ್ರವ್ಯವಹಾರವನ್ನು ಹೊಸ ಪದ್ಧತಿಯಂತೆಯೂ ನಡೆಸಬೇಕಾಗಿತ್ತು.

ಕಾನೂನಿನ ರಕ್ಷಣೆ

1956ರ ರಾಜ್ಯಗಳ ಪುನರ್ವಿಂಗಡಣಾ ಅಧಿನಿಯಮದ 115ನೇ ಪ್ರಕರಣದಂತೆ, ಕೇಂದ್ರ ಸರ್ಕಾರದ ಪೂರ್ವಾನುಮೋದನೆಯಿಲ್ಲದೆ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ಅನನುಕೂಲವಾಗುವಂತೆ ಬದಲಿಸುವಂತಿರಲಿಲ್ಲ. ಅವರ ಮನವಿಗಳ ನ್ಯಾಯಯುತ ಪರಿಶೀಲನೆಗೆ ಸಲಹಾ ಸಮಿತಿಗಳಿಗೂ ಅವಕಾಶ ಕಲ್ಪಿಸಲಾಗಿತ್ತು. ಆದಾಗ್ಯೂ ಕಾನೂನಿನ ರಕ್ಷಣೆಯು ವೇತನವನ್ನು ಕಾಯಬಲ್ಲದೇ ಹೊರತು ನಿರ್ಣಯದ ವಿಳಂಬದಿಂದಾಗುವ ಆತಂಕವನ್ನು ನೀಗಲಾರದು. ತನ್ನ ಸ್ಥಾನವೇ ತಿಳಿಯದ ನೌಕರನು ಸ್ವಂತ ಜವಾಬ್ದಾರಿಯ ಮೇಲೆ ನಿರ್ಣಯ ಕೈಗೊಳ್ಳಲು ಹಿಂಜರಿಯುವುದು ಸಹಜ. ಆಗ ಕಡತಗಳು ಮೇಲಿನ ಹಂತಕ್ಕೆ ಹೋಗಿ ಅರ್ಜಿದಾರರು ಕಾಯಬೇಕಾಗುತ್ತದೆ. ಜ್ಯೇಷ್ಠತಾ ಪಟ್ಟಿ ಮತ್ತು ಕಾರ್ಯಹಂಚಿಕೆಯನ್ನು ಬೇಗನೆ ಪ್ರಕಟಿಸುವುದೇ ಇದಕ್ಕೆ ತಕ್ಕ ಪರಿಹಾರ.

ಸಾರ್ವಜನಿಕರ ಗಮನಕ್ಕೆ

• ಹಿಂದೆ ಮೂರು ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಈಗ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ ಮತ್ತು ಪೊನ್ನಂಪೇಟೆ ಎಂಬ ಐದು ತಾಲ್ಲೂಕುಗಳಿವೆ. ಅರ್ಜಿ ಸಲ್ಲಿಸುವ ಮುನ್ನ ತಮ್ಮ ಗ್ರಾಮವು ಯಾವ ಕಚೇರಿಯ ವ್ಯಾಪ್ತಿಗೆ ಸೇರಿದೆಯೆಂದು ಖಚಿತಪಡಿಸಿಕೊಳ್ಳುವುದು.

• ಹಳೆಯ ದಾಖಲೆಗಳ ನಕಲು ಕೋರುವಾಗ ಹಿಂದಿನ ತಾಲ್ಲೂಕಿನ ಹೆಸರು ಮತ್ತು ಸರ್ವೆ ನಂಬರನ್ನು ನಮೂದಿಸುವುದು.

• ‘ಸಕಾಲ’ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯುವುದು. ಕಚೇರಿಯ ಸಿಬ್ಬಂದಿ ಬದಲಾದರೂ ಈ ಸಂಖ್ಯೆಯಿಂದ ಅರ್ಜಿಯ ಹಂತವನ್ನು ತಿಳಿಯಬಹುದು. ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು.