ಹಳೆಯ ಗಣಕಕ್ಕೆ ಮುಕ್ತ ತಂತ್ರಾಂಶ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಾಗಾದರೆ ಯಲಹಂಕ, ಹೆಬ್ಬಾಳದ ಮನೆಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿರುವ ಹಳೆಯ ಗಣಕಗಳನ್ನೆಲ್ಲ ಗುಜರಿಗೆ ಹಾಕಬೇಕೆ? ಬೇಡವೆಂದೇ ನಾನು ಹೇಳುತ್ತೇನೆ.

ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ತಿರುಳಾಗಿ ಉಳ್ಳ ಉಬುಂಟು, ಡೆಬಿಯನ್ ಮೊದಲಾದವು ಉಚಿತವಷ್ಟೇ ಅಲ್ಲ. ಅವುಗಳ ಪ್ರತಿ ತೆಗೆದು ನೆರೆಯವರಿಗೆ ಕೊಡುವ, ಬಲ್ಲವರು ತಿದ್ದಿ ಬಳಸುವ ಹಕ್ಕೂ ಅವುಗಳೊಡನೆ ಬರುತ್ತದೆ.

ಮೊದಲು ಮನೆಯ ಚಿತ್ರಗಳನ್ನೂ ಬರಹಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಬಳಿಕ ಉಬುಂಟುವಿನ ಕಡತವನ್ನು ಇಳಿಸಿಕೊಂಡು, ಅದಕ್ಕೆಂದೇ ಇರುವ ತಂತ್ರಾಂಶದ ನೆರವಿನಿಂದ ಪೆನ್‌ಡ್ರೈವಿಗೆ ಬರೆದು, ಗಣಕವನ್ನು ಅದರಿಂದಲೇ ಚಾಲೂ ಮಾಡಬೇಕು. ಆಗ ಏನನ್ನೂ ಅಳಿಸದೆ ಹೊಸ ವ್ಯವಸ್ಥೆಯನ್ನು ಬಳಸಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರುಗಳನ್ನು ಪರೀಕ್ಷಿಸಬಹುದು. ಡಿಸ್ಕನ್ನು ಅಳಿಸಿ ಸ್ಥಾಪಿಸುವ ಆಯ್ಕೆಗೆ ಒಪ್ಪಿದ ಮೇಲೆ ಮಾತ್ರ ಹಳೆಯದು ಮರಳಿ ಬಾರದು.

ಕೊನೆಗೆ, ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ‘ಕಗಪ’ವನ್ನು ಆರಿಸಿಕೊಳ್ಳಿ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸಿದವರಿಗೆ ಪರಿಚಿತವಾದ ಕೀಲಿಮಣೆಯದು. ಮೂಲೆ ಸೇರಲಿದ್ದ ಯಂತ್ರದಲ್ಲಿ ಮತ್ತೆ ಕನ್ನಡ ಮೂಡುತ್ತದೆ.